ಏಳನೇ ತಿಂಗಳಲ್ಲಿ ಶುಗರ್ ಬಂದಿದೆ, ಊಟ-ನಡಿಗೆಯಲ್ಲೇ ಹತೋಟಿಗೆ ತಂದವರು ಅನುಭವ ಹೇಳಿ

ಕೇಳಿದವರು, ಶಿರಸಿ ಹತ್ತಿರದ ಹಳ್ಳಿ:
ನನಗೆ 27 ವಾರ. ಗ್ಲೂಕೋಸ್ ಕುಡಿದು ಎರಡು ತಾಸಿನ ಮೇಲೆ 158 ಬಂತು. ಎರಡು ವಾರ ಪಥ್ಯ ಮತ್ತು ನಡಿಗೆ ಮಾಡಿ, ಆಮೇಲೆ ಇನ್ಸುಲಿನ್ ಬೇಕಾ ನೋಡೋಣ ಅಂದಿದ್ದಾರೆ ಡಾಕ್ಟರು. ನಮ್ಮಲ್ಲಿ ಬೆಳಿಗ್ಗೆ ತೆಳ್ಳೇವು (ಅಕ್ಕಿಯ ತೆಳು ದೋಸೆ), ಜೋನಿ ಬೆಲ್ಲ (ನೀರು ಬೆಲ್ಲ). ಎರಡು ಹೊತ್ತು ಅನ್ನ. ಬಸುರಿ ಹೊಟ್ಟೆ ತುಂಬ ಉಣ್ಣಬೇಕು ಅಂತ ಅತ್ತೆ. ಮಳೆ ಬೇರೆ, ಅಂಗಳಕ್ಕೆ ಇಳಿದರೆ ಪಾಚಿ. ನಮ್ಮ ಕಡೆಯವರು ಹೇಳಿ.

ಕುಮಟಾದಿಂದ:
ನನಗೂ ಹೀಗೇ ಬಂದಿತ್ತು, ಇನ್ಸುಲಿನ್ ಇಲ್ಲದೇ ಗೆದ್ದೆ. ಅನ್ನ ಬಿಡಲಿಲ್ಲ, ಆದರೆ ಒಂದೇ ವಾಟಿ, ಅದೂ ಕುಚಲಕ್ಕಿ. ತಟ್ಟೆಯ ಅರ್ಧ ಪಲ್ಯ, ಬಸಳೆಯೋ ಹಾಗಲವೋ ಏನಾದರೂ. ಮೊದಲು ಪಲ್ಯ, ಬೇಳೆ ತಿಂದು ಕೊನೆಗೆ ಅನ್ನ. ಪ್ರತಿ ಊಟದ ಮೇಲೂ ಹದಿನೈದು ನಿಮಿಷ ಜಗಲಿಯ ಮೇಲೇ ಆ ತುದಿಯಿಂದ ಈ ತುದಿಗೆ ನಡೆದೆ. ಮಳೆ ಅಂತ ಒಂದು ದಿನವೂ ಬಿಡಲಿಲ್ಲ. ಊಟವಾಗಿ ಎರಡು ತಾಸಿಗೆ 120ರ ಒಳಗೇ ಇರುತ್ತಿತ್ತು. ಮಗು 2.9 ಕೆಜಿ. ಮನಸ್ಸು ಗಟ್ಟಿ ಮಾಡಿದರೆ ಸೂಜಿ ಬೇಡವೇ ಬೇಡ ತಂಗಿ.

ಕಾರವಾರದಿಂದ:
ಅಕ್ಕ, ನಿಮಗೆ ಆಯಿತು, ಸಂತೋಷ. ಆದರೆ ಸೂಜಿ ಹಾಕಿಸಿಕೊಂಡವರ ಮನಸ್ಸು ಗಟ್ಟಿ ಇರಲಿಲ್ಲ ಅಂತಾನಾ? ನಾನು ಸಕ್ಕರೆ ಮುಟ್ಟಲಿಲ್ಲ. ಬಂಗಡೆ ಸಾರು, ತರಕಾರಿ, ಅಂಗೈಯಷ್ಟು ಅನ್ನ. ಸಂಜೆ ಟಾಗೋರ್ ಬೀಚಿನಲ್ಲಿ ಅರ್ಧ ತಾಸು ನಡಿಗೆ. ಊಟದ ನಂತರದ ಲೆಕ್ಕ ಸರಿಯಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆಯದು ಮಾತ್ರ 102, 104, 101. ಅದು 95ರ ಕೆಳಗೆ ಬರಬೇಕು. ರಾತ್ರಿ ಊಟ ಬೇಗ ಮಾಡಿದೆ, ಮಲಗುವಾಗ ಮಜ್ಜಿಗೆ ಮತ್ತು ಒಂದು ಹಿಡಿ ಶೇಂಗಾ ತಿಂದು ನೋಡಿದೆ, ಇಳಿಯಲಿಲ್ಲ. ರಾತ್ರಿಯಿಡೀ ಲಿವರ್ರೇ ಸಕ್ಕರೆ ಬಿಡುತ್ತದೆ, ಮಾಸಿನ (ಪ್ಲಾಸೆಂಟಾ) ಹಾರ್ಮೋನು ಇನ್ಸುಲಿನ್ನಿಗೆ ಅಡ್ಡ ಬರುತ್ತದೆ, ಅದಕ್ಕೆ ನಿಮ್ಮ ತಪ್ಪಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದ ದಿನ ಅತ್ತುಬಿಟ್ಟೆ. ರಾತ್ರಿ 6 ಯೂನಿಟ್ ಇನ್ಸುಲಿನ್ ಶುರು ಮಾಡಿದರು, ಆಮೇಲೆ 10. ಇನ್ಸುಲಿನ್ ಮಗುವಿನವರೆಗೆ ಹೋಗುವುದಿಲ್ಲ.

ಖರ್ಚಿನ ಮಾತು ಯಾರೂ ಎತ್ತುವುದಿಲ್ಲ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ಶುಗರ್ ನೋಡಿದರೆ ಮೀಟರಿನ 50 ಸ್ಟ್ರಿಪ್ಪಿನ ಡಬ್ಬಿ ಹನ್ನೆರಡು ದಿನಕ್ಕೆ ಖಾಲಿ. ನಮಗೆ ಡಬ್ಬಿಗೆ ಸಾವಿರ ರೂಪಾಯಿ ಹತ್ತಿರ ಬಿತ್ತು, ಹನ್ನೊಂದು ವಾರಕ್ಕೆ ಏಳು ಡಬ್ಬಿ. ಕರೆಂಟು ಹೋಗಿ ಫ್ರಿಜ್ ಆರಿದ ರಾತ್ರಿ ಇನ್ಸುಲಿನ್ ಬಾಟಲಿಯನ್ನು ಮಣ್ಣಿನ ಗಡಿಗೆ ಪಕ್ಕ ತಂಪಿನಲ್ಲಿಟ್ಟು ಕಾದೆ. ಹೆರಿಗೆಯಾದ ಮೇಲೆ ಮಗುವಿನ ಹಿಮ್ಮಡಿ ಚುಚ್ಚಿ ಶುಗರ್ ನೋಡುತ್ತಲೇ ಇದ್ದರು, ಅದನ್ನು ನೋಡಲು ಆಗಲಿಲ್ಲ.

ಹೊನ್ನಾವರದಿಂದ:
ನನ್ನನ್ನು ಕೆಡಿಸಿದ್ದು ರಾಗಿ ಗಂಜಿ. ಶುಗರಿಗೆ ಒಳ್ಳೆಯದು ಅಂತ ಎಲ್ಲರೂ ಹೇಳಿ ಹೇಳಿ ಬೆಳಿಗ್ಗೆ ದೊಡ್ಡ ಲೋಟ ಕುಡಿದೆ. ಒಂದು ತಾಸಿಗೆ 187! ಮೀಟರ್ ಹಾಳಾಗಿದೆ ಅಂತ ಅಂಗಡಿಯವರ ಹತ್ತಿರ ಜಗಳ ಆಡಿ ಬಂದೆ. ಮೀಟರ್ ಸರಿಯೇ ಇತ್ತು. ನುಣ್ಣಗೆ ಕುದಿಸಿದ ಹಿಟ್ಟು ಬೇಗ ರಕ್ತಕ್ಕೆ ಸೇರುತ್ತದೆ. ಅದೇ ರಾಗಿಯ ರೊಟ್ಟಿ, ಜೊತೆಗೆ ಮೊಟ್ಟೆ ತಿಂದ ದಿನ 131.

ಊರು ಶಿರಸಿ, ಈಗ ಹುಬ್ಬಳ್ಳಿ:
ರಾಗಿಯನ್ನು ದೂರಬೇಡಿ. ನಾನು ಸಿರಿಧಾನ್ಯ ಮಾತ್ರ ತಿಂದೆ, ಅನ್ನ ಪೂರ್ತಿ ಬಿಟ್ಟೆ. ಮೀನು ಮೊಟ್ಟೆ ಏನೂ ಬೇಕಾಗಲಿಲ್ಲ.

ಹೊನ್ನಾವರದಿಂದ:
ನಾನು ದೂರಿದ್ದು ಗಂಜಿಯನ್ನು, ರಾಗಿಯನ್ನಲ್ಲ. ಪೂರ್ತಿ ಓದಿ. ಮೀನಿನ ಮಾತು ಇಲ್ಲಿ ಯಾಕೆ ಬಂತು? ಕರಾವಳಿಯವರಿಗೆ ತಾರ್ಲೆ, ಬಂಗಡೆ ಬಿಟ್ಟು ಬೇರೆ ಏನು ಅಗ್ಗಕ್ಕೆ ಸಿಗುತ್ತದೆ?

ಅಂಕೋಲಾದಿಂದ:
ಅನ್ನ ಪೂರ್ತಿ ಬಿಟ್ಟೆ ಅನ್ನುವುದನ್ನು ಹೆಮ್ಮೆಯಿಂದ ಹೇಳಬೇಡಿ ದಯವಿಟ್ಟು. ನಾನು ಹಾಗೇ ಮಾಡಿದೆ. ಹದಿನೈದು ದಿನದಲ್ಲಿ ಎರಡು ಕೆಜಿ ಇಳಿದೆ, ಮೂತ್ರದಲ್ಲಿ ಕೀಟೋನ್ ಬಂತು, ಹೊಟ್ಟೆಗೆ ಸಾಲದೆ ಮೈಯ ಕೊಬ್ಬು ಕರಗುವಾಗ ಬರುತ್ತದಲ್ಲ, ಅದು. ಉಪವಾಸ ಮಾಡಿ ಅಂತ ಯಾರು ಹೇಳಿದ್ದು ಅಂತ ಡಾಕ್ಟರು ಬೈದರು. ಮೇ ತಿಂಗಳು, ಮನೆ ತುಂಬ ಇಶಾಡ ಮಾವಿನಹಣ್ಣು, ನಾನು ಒಂದು ಹೋಳೂ ಮುಟ್ಟದೆ ಒಳಗೆ ಕೂತು ಅಳುತ್ತಿದ್ದೆ. ಇನ್ನೂ ದೊಡ್ಡ ತಪ್ಪು ಆಮೇಲೆ ಮಾಡಿದೆ. ಹೆರಿಗೆಯಾದ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ ಮಾಡಿಸಬೇಕಿತ್ತು. ಬಾಣಂತನ, ಮಗು, ಯಾರಿಗೆ ನೆನಪು? ಎರಡನೇ ವರ್ಷ ಸುಮ್ನೆ ಸುಸ್ತು ಅಂತ ತೋರಿಸಿದಾಗ ಪೂರ್ತಿ ಸಕ್ಕರೆ ಕಾಯಿಲೆ. ಈಗ ಮಾತ್ರೆ.

ಕುಮಟಾದಿಂದ:
ಕಾರವಾರದ ತಂಗಿಗೆ ಬೇಜಾರಾಗಿದ್ದರೆ ಆ ಸೂಜಿಯ ಮಾತು ವಾಪಸ್ ತಗೊಳ್ಳುತ್ತೇನೆ. ಆರು ವಾರದ ಪರೀಕ್ಷೆ ನಾನೂ ಮಾಡಿಸಿಲ್ಲ. ಮಗನಿಗೆ ಈಗ ನಾಲ್ಕು ವರ್ಷ.

ಕಾರವಾರದಿಂದ:
ಬೇಜಾರಾಗಿತ್ತು ಅಕ್ಕ. ಈಗಲಾದರೂ ಮಾಡಿಸಿ.

ಕೇಳಿದವರು:
ಇವತ್ತು ಒಂದು ತೆಳ್ಳೇವು, ಬೆಲ್ಲ ಇಲ್ಲ, ಹೆಸರುಕಾಳು ಉಸಲಿ ಜೊತೆ. ಜಗಲಿಯಲ್ಲಿ ನಡೆದೆ. ಒಂದು ತಾಸಿಗೆ 136. ಅತ್ತೆಗೆ ಮೀಟರ್ ತೋರಿಸಿದೆ. ಏನೂ ಹೇಳಲಿಲ್ಲ, ಜೋನಿ ಬೆಲ್ಲದ ಡಬ್ಬ ತೆಗೆದು ಅಟ್ಟಕ್ಕೆ ಇಟ್ಟರು.

ಊರು ಶಿರಸಿ, ಈಗ ಹುಬ್ಬಳ್ಳಿ:
ತೆಳ್ಳೇವು ಅಕ್ಕಿಯದೇ ಅಲ್ವಾ? ನವಣೆಯದು ಮಾಡಿ ನೋಡಿ.

ಹೊನ್ನಾವರದಿಂದ:
136 ಬಂದಿದೆ ಅಂತ ಹೇಳುತ್ತಿದ್ದಾಳೆ ಅವಳು. 140ರ ಒಳಗೆ ಇದ್ದರೆ ಸಾಕು. ಬಿಡಿ ಅವಳನ್ನು.