ಬ್ರೆಝಾ: ಹಳೇ ಡೀಸೆಲ್ ಇಟ್ಟುಕೊಳ್ಳಲೇ, ಪೆಟ್ರೋಲ್ ಆಟೋಮ್ಯಾಟಿಕ್‌ಗೆ ಹೋಗಲೇ? ಉಡುಪಿ–ಆಗುಂಬೆ ಓಡಾಟಕ್ಕೆ

ಕಟಪಾಡಿ ಟೀಚರ್:

ನಮಸ್ತೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮದು 2017ರ ಮಾರುತಿ ವಿಟಾರಾ ಬ್ರೆಝಾ ಡೀಸೆಲ್ ಕಾರು. 1,42,000 ಕಿಲೋಮೀಟರ್ ಆಗಿದೆ. ಹೆಚ್ಚುಕಮ್ಮಿ ಅಷ್ಟನ್ನೂ ಓಡಿಸಿದ್ದು ನಾನೇ. ಮಂಗಳೂರಿನ ಶಾಲೆಯಲ್ಲಿ ಇದ್ದಾಗ ಕಟಪಾಡಿಯಿಂದ ಹೋಗಿ ಬರಲು ದಿನಕ್ಕೆ 90 ಕಿಲೋಮೀಟರ್ ದಾಟುತ್ತಿತ್ತು. ಮಳೆಗಾಲದಲ್ಲಿ ಪಡುಬಿದ್ರೆ ದಾಟುವಾಗ ಮುಂದಿನ ಲಾರಿಯ ನೀರು ಗಾಜಿಗೆ ರಪ್ ಅಂತ ಹೊಡೆದರೂ ಈ ಕಾರಿನಲ್ಲಿ ನನಗೆ ಹೆದರಿಕೆ ಆದದ್ದಿಲ್ಲ. ಹೈವೇಯಲ್ಲಿ ಲೀಟರಿಗೆ 20 ಕೊಟ್ಟಿದೆ. ಇದರ ಮೇಲೆ ನನಗೆ ತುಂಬ ಪ್ರೀತಿ ಉಂಟು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ವರ್ಷ ಉಡುಪಿಗೇ ವರ್ಗ ಆಯಿತು. ಈಗ ಹೋಗಿ ಬಂದು 24 ಕಿಲೋಮೀಟರ್. ಎಂಜಿನ್ ಸರಿಯಾಗಿ ಬಿಸಿ ಆಗುವ ಮೊದಲೇ ಶಾಲೆ ಬಂದಿರುತ್ತದೆ. ಮೈಲೇಜ್ 16ಕ್ಕೆ ಇಳಿದಿದೆ. ಕಲ್ಸಂಕ ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲಿನ ಮಂಡಿ ನೋವು ಶುರುವಾಗಿದೆ. ಡಾಕ್ಟರ್ ಆಟೋಮ್ಯಾಟಿಕ್ ನೋಡಿ ಅಂದರು. ತಿಂಗಳಿಗೊಮ್ಮೆ ತೀರ್ಥಹಳ್ಳಿ ಹತ್ತಿರದ ತವರಿಗೆ ಹೆಬ್ರಿ, ಸೋಮೇಶ್ವರ, ಆಗುಂಬೆ ಮೇಲೆ ಹೋಗುತ್ತೇವೆ. ಜೊತೆಗೆ 72 ವರ್ಷದ ಅತ್ತೆ, 11 ಮತ್ತು 6 ವರ್ಷದ ಮಕ್ಕಳು.

ಬೇರೆ ಕಂಪನಿಯ ಕಾರೂ ನೋಡಿದೆ. ಆದರೆ ಅತ್ತೆ ಕಾಲು ಎತ್ತದೆ, ಬಗ್ಗದೆ ಸೀದಾ ಕೂರುವುದು ಬ್ರೆಝಾದ ಸೀಟಿನಲ್ಲಿ ಮಾತ್ರ. ಬೇರೆಯವುಗಳಲ್ಲಿ ಒಂದೋ ಹತ್ತಬೇಕು, ಇಲ್ಲದಿದ್ದರೆ ಇಳಿಯಬೇಕು. ಹಾಗಾಗಿ ಬ್ರೆಝಾದಲ್ಲೇ ಯಾವುದು ಎನ್ನುವುದು ಪ್ರಶ್ನೆ.

ನನಗೆ ಅರ್ಥ ಆದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಮೊದಲನೆಯದು 2016ರಲ್ಲಿ ಬಂತು, 1.3 ಲೀಟರ್ ಡೀಸೆಲ್, ಶಕ್ತಿ 90 ಪಿಎಸ್, ಎಳೆತ (ಟಾರ್ಕ್) 200 ಎನ್ಎಂ. 2020ರ ಏಪ್ರಿಲ್‌ನಿಂದ ಹೊಗೆಯ ಹೊಸ ನಿಯಮ ಬಿಎಸ್6 ಕಡ್ಡಾಯ ಆದಾಗ ಡೀಸೆಲ್ ನಿಂತುಹೋಯಿತು. ಅದೇ ಮೈಗೆ 1.5 ಲೀಟರ್ ಪೆಟ್ರೋಲ್ ಎಂಜಿನ್ ಹಾಕಿದರು, 105 ಪಿಎಸ್, 138 ಎನ್ಎಂ, ಬೇಕಾದವರಿಗೆ 4 ಗೇರಿನ ಆಟೋಮ್ಯಾಟಿಕ್. 2022ರ ಜೂನ್ ಕೊನೆಗೆ ಪೂರ್ತಿ ಹೊಸದು ಬಂತು. ಹೆಸರಿನಿಂದ ವಿಟಾರಾ ಹೋಯಿತು, 6 ಗೇರಿನ ಆಟೋಮ್ಯಾಟಿಕ್ ಬಂತು. ಉದ್ದ 3995 ಮಿಲಿಮೀಟರ್, ಅಗಲ 1790, ಎರಡೂ ಬದಲಾಗಿಲ್ಲ. ಎತ್ತರ ಮಾತ್ರ 1640 ಇದ್ದದ್ದು 1685 ಆಗಿದೆ. ನಮ್ಮ ಮನೆಯ ಓಣಿಗೆ ಎರಡೂ ಕಡೆ ಮುರಕಲ್ಲಿನ ಗೋಡೆ. ಅಗಲ ಒಂದೇ ಇರುವುದು ನನಗೆ ದೊಡ್ಡ ಸಮಾಧಾನ.

ಮಂಗಳೂರಿನಲ್ಲಿ 2021ರ 4 ಗೇರಿನದ್ದು ಒಂದು, 2023ರ 6 ಗೇರಿನದ್ದು ಒಂದು, ಎರಡನ್ನೂ ಓಡಿಸಿ ನೋಡಿದೆ. 2021ರದ್ದು ಊರೊಳಗೆ ಬೆಣ್ಣೆಯ ಹಾಗೆ ಇತ್ತು. ಬೆಲೆಯೂ ಕಡಿಮೆ. 2023ರದ್ದರಲ್ಲಿ ಹಿಂದಿನ ಸೀಟಿಗೂ ಎಸಿ ಗಾಳಿ ಬರುತ್ತದೆ. ನಮ್ಮ ಏಪ್ರಿಲ್ ಸೆಕೆಗೆ ಅದು ಎಷ್ಟು ಮುಖ್ಯ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ ಅಲ್ವಾ? ಆದರೆ ಎರಡನ್ನೂ ಘಾಟಿಗೆ ಕೊಂಡುಹೋಗಲು ಬಿಡಲಿಲ್ಲ. ಘಾಟಿಯಲ್ಲಿ ಓಡಿಸಿದವರು ಹೇಳಿ. ಡೀಸೆಲ್‌ನ 200 ಎನ್ಎಂ ಬಿಟ್ಟು 137–138ಕ್ಕೆ ಹೋದರೆ ಐದು ಜನ, ಒಂದು ಮೂಟೆ ಅಕ್ಕಿ, ನಾಲ್ಕು ಹಲಸಿನ ಹಣ್ಣು ಹೇರಿಕೊಂಡು ಆಗುಂಬೆ ಹತ್ತಲು ಆಗುತ್ತದಾ?

—

ಸೋಮೇಶ್ವರ ತಿರುವು:

ಟೀಚರ್, ನಾನು 2020ರ 4 ಗೇರಿನ ಆಟೋಮ್ಯಾಟಿಕ್ ಮೂರು ವರ್ಷ ಓಡಿಸಿದೆ. ಈಗ ಮನೆಯಲ್ಲಿ 2023ರ 6 ಗೇರಿನದ್ದು ಇದೆ. ವಾರಕ್ಕೆರಡು ಸಲ ಆಗುಂಬೆ ಹತ್ತಿ ಇಳಿಯುವುದು ನನ್ನ ಕೆಲಸ.

ಹತ್ತಲು ಎರಡೂ ಹತ್ತುತ್ತವೆ. ಹೇಗೆ ಹತ್ತುತ್ತವೆ ಎನ್ನುವುದರಲ್ಲಿ ವ್ಯತ್ಯಾಸ. ನಿಮ್ಮ ಡೀಸೆಲ್‌ಗೆ ಆ 200 ಎನ್ಎಂ ಎಂಜಿನ್ ನಿಮಿಷಕ್ಕೆ 1750 ಸುತ್ತು ತಿರುಗುವಾಗಲೇ ಸಿಗುತ್ತದೆ. ಟರ್ಬೋ ಎದ್ದು ನಿಂತ ಮೇಲೆ ಸುಮ್ನೆ ಎಳೆಯುತ್ತದೆ. ಪೆಟ್ರೋಲ್‌ಗೆ ಪೂರ್ತಿ ಎಳೆತ ಬರುವುದು 4400 ಸುತ್ತಿಗೆ. ಅಂದರೆ ಎಂಜಿನ್ ಸದ್ದು ಜೋರಾಗಿ ಕೇಳಿಸುತ್ತದೆ. ಮೊದಲ ದಿನ ಏನೋ ಹಾಳಾಗಿದೆ ಅನ್ನಿಸುತ್ತದೆ, ಹಾಳಾಗಿರುವುದಿಲ್ಲ. ಅದು ಕೆಲಸ ಮಾಡುವುದೇ ಹಾಗೆ.

ನಾಲ್ಕು ಗೇರಿನದ್ದರಲ್ಲಿ ತೊಂದರೆ ಏನೆಂದರೆ ಎರಡಕ್ಕೂ ಮೂರಕ್ಕೂ ನಡುವೆ ದೂರ ಜಾಸ್ತಿ. ತಿರುವು ಮುಗಿಸಿ ಎದ್ದಾಗ ಮೂರಕ್ಕೆ ಹಾರುತ್ತದೆ, ಅಲ್ಲಿ ಜೀವ ಸಾಲದೆ ಮತ್ತೆ ಎರಡಕ್ಕೆ ಬೀಳುತ್ತದೆ. ಹದಿನಾಲ್ಕು ತಿರುವಿಗೂ ಇದೇ ಕಥೆ. ಹಿಂದೆ ಕೂತ ಮಕ್ಕಳಿಗೆ ವಾಂತಿ ಬರುವುದು ಈ ಎಳೆದಾಟಕ್ಕೆ. ನಾನು ಲಿವರನ್ನು 2ಕ್ಕೆ ಹಾಕಿಯೇ ಹತ್ತುತ್ತಿದ್ದೆ, ಆಗ ಸರಿ ಆಗುತ್ತಿತ್ತು. ಆರು ಗೇರಿನದ್ದರಲ್ಲಿ ಈ ಕಷ್ಟ ಇಲ್ಲ. ಯಾವ ವೇಗಕ್ಕೂ ಒಂದು ಗೇರ್ ಸಿಗುತ್ತದೆ.

ಇಳಿಯುವಾಗ ಇನ್ನೂ ಮುಖ್ಯ. ಆಟೋಮ್ಯಾಟಿಕ್ ತೆಗೆದುಕೊಂಡ ಹೊಸಬರು ಡಿ ಯಲ್ಲೇ ಬಿಟ್ಟು ಬ್ರೇಕ್ ಒತ್ತಿಕೊಂಡೇ ಇಳಿಯುತ್ತಾರೆ. ಸೋಮೇಶ್ವರ ತಲುಪುವಾಗ ಬ್ರೇಕ್ ಸುಟ್ಟ ವಾಸನೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸದರ ಸ್ಟೇರಿಂಗ್ ಹಿಂದೆ ಗೇರ್ ಬದಲಿಸುವ ಪ್ಯಾಡಲ್ ಇದೆ, ಎಡಗಡೆಯದನ್ನು ಎಳೆದು ಎರಡನೇ ಗೇರಿಗೆ ತನ್ನಿ. ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ನಿಮಗೆ ಡೀಸೆಲ್ ಮ್ಯಾನುಯಲ್ ಅಭ್ಯಾಸ ಇರುವುದರಿಂದ ಇದು ಬೇಗ ಕೈಗೆ ಬರುತ್ತದೆ.

ಮೈಲೇಜ್ ಬಗ್ಗೆ: ಕಂಪನಿ 6 ಗೇರಿನದ್ದಕ್ಕೆ 19.80 ಅನ್ನುತ್ತದೆ. ನನಗೆ ಹೈವೇಯಲ್ಲಿ 17, ಉಡುಪಿ ಪೇಟೆಯಲ್ಲಿ 12. ನಿಮ್ಮ ಲೆಕ್ಕ ನಾನೇ ಹಾಕಿದೆ. ತಿಂಗಳಿಗೆ 750 ಕಿಲೋಮೀಟರ್ ಅಂದುಕೊಳ್ಳಿ. ಡೀಸೆಲ್ 47 ಲೀಟರ್, ಪೆಟ್ರೋಲ್ 62 ಲೀಟರ್. ಹದಿನೈದು ಲೀಟರ್ ಅಂತರಕ್ಕೆ ಮಂಡಿ ನೋವು ಸಹಿಸಬೇಕಾ?

—

ಕುಂದಾಪುರ ಡೀಸೆಲ್:

ನನ್ನ ಮಾತು ಬೇರೆ. ಟೀಚರ್, ಆ ಎಂಜಿನ್ ಮತ್ತೆ ಸಿಗುವುದಿಲ್ಲ. ಫಿಯಟ್‌ನವರ ಮಲ್ಟಿಜೆಟ್ ಅದು, ಟೈಮಿಂಗ್ ಚೈನ್ ಇದೆ, ಬೆಲ್ಟ್ ಬದಲಿಸುವ ಗೋಜಿಲ್ಲ. ನನ್ನದು 2018ರದ್ದು, 2,10,000 ಆಗಿದೆ. ಒಂದು ಸಲ ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಷ್, ಬ್ಯಾಟರಿ, ಅಷ್ಟೇ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ 4 ಸ್ಟಾರ್ ಬಂದದ್ದೂ ಈ ಮೊದಲನೆಯದಕ್ಕೇ. ಹತ್ತು ವರ್ಷಕ್ಕೆ ಡೀಸೆಲ್ ಓಡಿಸಬಾರದು ಅನ್ನುವುದು ದೆಹಲಿ ಕಡೆಯ ನಿಯಮ, ನಮಗಲ್ಲ. ಇಲ್ಲಿ ಆರ್‌ಸಿ 15 ವರ್ಷಕ್ಕೆ ಇದೆ.

ಆದರೆ ಒಂದು ಒಪ್ಪುತ್ತೇನೆ. ಒಂದು ಸಲಕ್ಕೆ 12 ಕಿಲೋಮೀಟರ್ ಹೋಗಿ ನಿಲ್ಲಿಸುವ ಓಡಾಟ ಡೀಸೆಲ್‌ಗೆ ಒಳ್ಳೆಯದಲ್ಲ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್‌ನಲ್ಲಿ ಮಸಿ ಕಟ್ಟುತ್ತದೆ. ಇಟ್ಟುಕೊಳ್ಳುವುದಾದರೆ ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ.

—

ಪಂಪ್‌ವೆಲ್ ಗ್ಯಾರೇಜ್:

ಮೇಡಂ, ಎಂಜಿನ್ ಮಾತು ಎಲ್ಲರೂ ಆಡಿದರು. ತಳದ ಮಾತು ಯಾರೂ ಆಡಲಿಲ್ಲ. ಇಪ್ಪತ್ತು ವರ್ಷದಿಂದ ಮಂಗಳೂರಿನಲ್ಲಿ ಕಾರು ರಿಪೇರಿ ಮಾಡುತ್ತಿದ್ದೇನೆ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಮೀಟರ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಕೆಳಗೆ ಬಗ್ಗಿ ನೋಡುವವರು ಹತ್ತರಲ್ಲಿ ಒಬ್ಬರು.

ಸಮುದ್ರದ ಉಪ್ಪು ಗಾಳಿಗೆ ಯಾವ ಕಂಪನಿಯ ಕಾರಾದರೂ ಒಂದೇ. ಮಲ್ಪೆ, ಉಳ್ಳಾಲ, ಕಾಪು ಬದಿಯಲ್ಲಿ ಬಯಲಲ್ಲಿ ನಿಂತ ಐದು ವರ್ಷದ ಕಾರಿಗಿಂತ ಮೂಡುಬಿದಿರೆ ಕಡೆ ಶೆಡ್ಡಿನಲ್ಲಿ ನಿಂತ ಎಂಟು ವರ್ಷದ ಕಾರಿನ ತಳ ಚೆನ್ನಾಗಿರುತ್ತದೆ. ಕಾರನ್ನು ಲಿಫ್ಟ್ ಮೇಲೆ ಏರಿಸಲೇಬೇಕು. ಬಿಡುವುದಿಲ್ಲ ಅಂದರೆ ಆ ಕಾರು ಬೇಡ. ಬ್ರೇಕ್ ಪೈಪಿನ ಕೊಕ್ಕೆಗಳು ಕುಳಿತ ಜಾಗ, ಸಸ್ಪೆನ್ಷನ್ ತೋಳಿನ ಬೋಲ್ಟ್, ಸೈಲೆನ್ಸರ್ ಜೋಡಣೆ, ಬಾಗಿಲಿನ ಕೆಳ ಅಂಚಿನ ರಂಧ್ರ, ಇಷ್ಟನ್ನು ಟಾರ್ಚ್ ಹಾಕಿ ನೋಡಿ. ಮೇಲ್ಮೈಯ ಕೆಂಪು ಪುಡಿ ಪರವಾಗಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ತಟ್ಟಿದಾಗ ಹಪ್ಪಳದ ಹಾಗೆ ಪದರ ಎದ್ದರೆ ವಾಪಸ್ ಬನ್ನಿ. ಕಪ್ಪು ಕೋಟಿಂಗ್ ಹೊಸದಾಗಿ ಹೊಡೆದಿದ್ದರೆ ಇನ್ನೂ ಹುಷಾರು, ತುಕ್ಕಿನ ಮೇಲೆಯೇ ಹೊಡೆದಿರುತ್ತಾರೆ.

ಇನ್ನೊಂದು, ನೀರು. ಕೊಟ್ಟಾರ ಚೌಕಿ ಬದಿಯಲ್ಲಿ ಜೋರು ಮಳೆಗೆ ನೀರು ನುಗ್ಗುವುದು ನಿಮಗೆ ಗೊತ್ತೇ ಇದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಇದ್ದರೆ ಆ ಕಾರು ಮುಳುಗಿದ್ದು. ಸೀಟನ್ನು ತೊಳೆಯುತ್ತಾರೆ, ಬೆಲ್ಟಿನ ಆ ತುದಿಯನ್ನು ತೊಳೆಯುವುದಿಲ್ಲ.

ಹೊಸ ಬ್ರೆಝಾದಲ್ಲಿ ಸನ್‌ರೂಫ್ ಇರುವ ಮಾದರಿ ತೆಗೆದುಕೊಂಡರೆ ಮರದ ಕೆಳಗೆ ನಿಲ್ಲಿಸಬೇಡಿ. ನೀರು ಇಳಿಯುವ ಸಣ್ಣ ನಾಳಕ್ಕೆ ಎಲೆ, ಹೂವಿನ ಕಸ ಸೇರಿದರೆ ನೀರು ಒಳಗೆ ಬರುತ್ತದೆ. ಮೇ ಕೊನೆಗೆ ಒಮ್ಮೆ ಶುಚಿ ಮಾಡಿಸಿ.

ಸಾಧ್ಯವಾದರೆ ಕೆಎ 14, ಕೆಎ 18 ನಂಬರಿನ ಕಾರು ಹುಡುಕಿ. ಶಿವಮೊಗ್ಗ, ಚಿಕ್ಕಮಗಳೂರು ಕಡೆಯದ್ದು. ಅಲ್ಲೂ ಮಳೆ ಉಂಟು, ಆದರೆ ಉಪ್ಪು ಇಲ್ಲ.

—

ಕೊಟ್ಟಾರ 2022:

ನಮ್ಮ ಮನೆಗೂ ನೀರು ಬಂದಿತ್ತು, ಗ್ಯಾರೇಜಿನವರು ಹೇಳಿದ್ದು ಸರಿ. ನನ್ನದು ಎರಡೇ ಮಾತು.

2022ರ ಹೊಸ ಬ್ರೆಝಾ ಅಂದ ಕೂಡಲೇ 6 ಏರ್‌ಬ್ಯಾಗ್ ಅಂದುಕೊಳ್ಳಬೇಡಿ. ಶುರುವಿನಲ್ಲಿ ಅದು ಎಲ್ಲಕ್ಕಿಂತ ಮೇಲಿನ ಝಡ್‌ಎಕ್ಸ್‌ಐ ಪ್ಲಸ್‌ಗೆ ಮಾತ್ರ ಇತ್ತು, ಉಳಿದವಕ್ಕೆ ಎರಡೇ. ಎಲ್ಲ ಮಾದರಿಗೂ ಆರು ಬಂದದ್ದು 2025ರಲ್ಲಿ. ನೀವು ಹಿಂದೆ ಮಕ್ಕಳನ್ನು ಕೂರಿಸುವವರು. ಕುಂದಾಪುರದವರು ಹೇಳಿದ 4 ಸ್ಟಾರ್ ನಿಜ, ಆದರೆ ಅದೇ ಪರೀಕ್ಷೆಯಲ್ಲಿ ಮಕ್ಕಳ ರಕ್ಷಣೆಗೆ ಬಂದದ್ದು 2. ಚಿಕ್ಕವನಿಗೆ ಬೂಸ್ಟರ್ ಸೀಟ್ ಹಾಕಿಸಿ, ಕಾರು ಯಾವುದೇ ಇರಲಿ.

ಎರಡನೆಯದು, 2020–21ರ ಕಾರು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ಅಂತ ಮಾಡಿದ್ದಲ್ಲ. ಅದಕ್ಕೆ ಒಗ್ಗುವ ರಬ್ಬರ್, ಪೈಪ್ ಬಂದದ್ದು 2023ರ ಏಪ್ರಿಲ್ ನಂತರದ ಕಾರುಗಳಿಗೆ. ಈಗ ಬಂಕಿನಲ್ಲಿ ಸಿಗುವುದು ಅದೇ ಪೆಟ್ರೋಲ್. ಬಹಳ ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ತಯಾರಾದ ತಿಂಗಳು ನೋಡಿ.

ಹೊಸದೇ ಬೇಕಾದರೆ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಸೆಸ್ ಸೇರಿ ಶೇ 45 ಇದ್ದದ್ದು 40ಕ್ಕೆ ಇಳಿದಿದೆ. ಚಿಕ್ಕ ಕಾರಿನ 18 ಇದಕ್ಕೆ ಸಿಗುವುದಿಲ್ಲ. ನಾಲ್ಕು ಮೀಟರ್ ಒಳಗೇ ಇದೆ, ಆದರೆ ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಿದೆ. ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ, ಹತ್ತು ಲಕ್ಷ ದಾಟಿದರೆ ಶೇ 17.

—

ಕಟಪಾಡಿ ಟೀಚರ್:

ಐದು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರಿಗೂ ಮನಸಾರೆ ಧನ್ಯವಾದ.

ಮಂಗಳೂರಿನಲ್ಲಿ ನೋಡಿದ್ದ 2023ರ ಕಾರನ್ನು ಲಿಫ್ಟ್ ಮೇಲೆ ಏರಿಸಲು ಕೇಳಿದೆ. ಮಾರುವವರು ಇವತ್ತು ನಾಳೆ ಅಂದರು, ಕೊನೆಗೆ ಫೋನ್ ಎತ್ತಲಿಲ್ಲ. ಬಿಟ್ಟೆ. ಪಂಪ್‌ವೆಲ್‌ನವರ ಮಾತು ಹಿಡಿದು ತವರಿನಲ್ಲಿ ಅಣ್ಣನಿಗೆ ಹೇಳಿದೆ. ಅವನು ಶಿವಮೊಗ್ಗದಲ್ಲಿ ಒಂದನ್ನು ಹುಡುಕಿದ. 2023ರ ಆಗಸ್ಟ್ ತಯಾರಿ, ಝಡ್‌ಎಕ್ಸ್‌ಐ ಪ್ಲಸ್ ಆಟೋಮ್ಯಾಟಿಕ್, ಒಬ್ಬರೇ ಓಡಿಸಿದ್ದು, 31,000 ಕಿಲೋಮೀಟರ್. ಲಿಫ್ಟ್ ಮೇಲೆ ಏರಿಸಿ ನಾನೇ ಟಾರ್ಚ್ ಹಿಡಿದು ನೋಡಿದೆ. ನಮ್ಮ ಹಳೇ ಕಾರಿನ ತಳವನ್ನೂ ಹಿಂದಿನ ದಿನ ನೋಡಿದ್ದೆ, ಹಾಗಾಗಿ ವ್ಯತ್ಯಾಸ ತಕ್ಷಣ ಗೊತ್ತಾಯಿತು. ನಮ್ಮದರ ಬೋಲ್ಟುಗಳು ಕಂದು ಬಣ್ಣಕ್ಕೆ ತಿರುಗಿವೆ, ಅದರದ್ದು ಇನ್ನೂ ಹೊಳೆಯುತ್ತಿದ್ದವು. ಬೆಲ್ಟುಗಳನ್ನು ಐದೂ ಎಳೆದು ನೋಡಿದೆ.

ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಅವರು ಕೂತರು, ಇಳಿದರು, ಮತ್ತೆ ಕೂತರು. ಹಳೆಯದಕ್ಕಿಂತ ಸ್ವಲ್ಪ ಎತ್ತರ, ಆದರೆ ಬಾಗಿಲ ಮೇಲಿನ ಹಿಡಿ ಕೈಗೆ ಎಟುಕುತ್ತದೆ ಅಂದರು. ಹಿಂದಿನ ಎಸಿಗೆ ಕೈ ಹಿಡಿದು ಕೂತವರು ಆಗುಂಬೆವರೆಗೆ ಕೈ ತೆಗೆಯಲಿಲ್ಲ.

ಬರುವಾಗ ಆಗುಂಬೆ ಇಳಿದೇ ಬಂದೆ. ಎಡಗಡೆ ಪ್ಯಾಡಲ್, ಎರಡನೇ ಗೇರ್, ಸೋಮೇಶ್ವರದವರು ಹೇಳಿದ ಹಾಗೆಯೇ. ಬ್ರೇಕನ್ನು ತಿರುವಿನಲ್ಲಿ ಮಾತ್ರ ಮುಟ್ಟಿದೆ. ಕಳೆದ ಭಾನುವಾರ ಹತ್ತಿದೆ ಕೂಡ, ತುಂಬಿದ ಕಾರಿನಲ್ಲಿ. ಎಂಜಿನ್ ಸದ್ದು ಜೋರು, ಅದು ನಿಜ. ಡೀಸೆಲ್ ಎಳೆದ ಹಾಗೆ ಎಳೆಯುವುದಿಲ್ಲ, ಅದೂ ನಿಜ. ಎರಡು ಕಡೆ ಬಸ್ಸಿನ ಹಿಂದೆ ಸಿಕ್ಕಿಕೊಂಡಾಗ ಹಳೆಯದರ ನೆನಪು ಬಂತು. ಆದರೆ ಚಿಕ್ಕವನು ಮೊದಲ ಸಲ ವಾಂತಿ ಮಾಡದೆ ಮೇಲೆ ತಲುಪಿದ. ಮಂಡಿಗೂ ಒಂದು ತಿಂಗಳಿನಿಂದ ಬೆಲ್ಟ್ ಕಟ್ಟಿಲ್ಲ. ಪೇಟೆಯಲ್ಲಿ ನನಗೆ ಸಿಗುತ್ತಿರುವುದು 11.5, ಸ್ವಲ್ಪ ಕಡಿಮೆಯೇ.

ಡೀಸೆಲನ್ನು ಮಾರಲಿಲ್ಲ. ಅಣ್ಣ ದಿನಾ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬರುವವನು, ಅವನಿಗೆ ಕೊಟ್ಟೆ. ಕೊಡುವ ಮೊದಲು ಅದರ ತಳ ತೊಳೆಸಿ, ತುಕ್ಕು ಉಜ್ಜಿಸಿ, ಆಮೇಲೆ ಕೋಟಿಂಗ್ ಮಾಡಿಸಿದೆ. ಕುಂದಾಪುರದವರಿಗೆ ಹೇಳುತ್ತೇನೆ, ಈಗ ಅದಕ್ಕೆ ದಿನಕ್ಕೆ 120 ಕಿಲೋಮೀಟರ್ ಓಡಾಟ ಸಿಗುತ್ತಿದೆ. ಮೈಲೇಜ್ ಮತ್ತೆ 20ಕ್ಕೆ ಬಂದಿದೆಯಂತೆ.