ಸಹಾಯ ಬೇಕು: ಪಟ್ಟಾಭಿಷೇಕಕ್ಕೆ ನಮ್ಮ ಬೀದಿಯ ತೋರಣ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸ್ಲೌ ಪಟ್ಟಣದಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ ಇದೆ. 2023ರ ಮೇ 6ರ ಶನಿವಾರ ಬ್ರಿಟನ್ನಿನ ದೊರೆ ಮೂರನೆಯ ಚಾರ್ಲ್ಸ್ ಅವರ ಪಟ್ಟಾಭಿಷೇಕ, ಮರುದಿನ ಪಕ್ಕದ ವಿಂಡ್ಸರ್ ಕೋಟೆಯಲ್ಲಿ ಸಂಗೀತ ಕಾರ್ಯಕ್ರಮ. ಅಷ್ಟರೊಳಗೆ ನಮ್ಮ ಸಾಲಿನ ಅಂಗಡಿಗಳನ್ನೆಲ್ಲ ಸಿಂಗರಿಸುವ ಹೊಣೆ ಹೊತ್ತಿದ್ದೇನೆ. ಪಕ್ಕದ ಕ್ಷೌರದಂಗಡಿಯವರು ಏಣಿ ಕೊಡುತ್ತಾರಂತೆ, ಹತ್ತುವವರು ಮಾತ್ರ ಯಾರೂ ಇಲ್ಲ!

ಇಲ್ಲಿನ ಮಳೆಯನ್ನು ನಂಬಿ ಕಾಗದದ ತೋರಣ ಕಟ್ಟುವಂತಿಲ್ಲ. ಕೆಂಪು, ಬಿಳಿ, ನೀಲಿ ಬಟ್ಟೆ ತಂದಾಗಿದೆ. ತ್ರಿಕೋನಗಳನ್ನು ಕತ್ತರಿಸಿ ಪಟ್ಟಿಗೆ ಹೊಲಿಯಲು ಹೊಲಿಗೆ ಯಂತ್ರ ಇರುವವರು ಬೇಕು. 2022ರಲ್ಲಿ ರಾಣಿ ಎರಡನೆಯ ಎಲಿಜಬೆತ್ ಅವರ 70 ವರ್ಷಗಳ ಆಳ್ವಿಕೆಯ ಉತ್ಸವಕ್ಕೆ ಕಟ್ಟಿದ ಬಾವುಟಗಳು ಉಳಿದಿದ್ದರೂ ಕೊಡಿ, ರಾಣಿಯ ಚಿತ್ರವಿರುವವು ಬೇಡ.

ರಸ್ತೆಗೆ ಅಡ್ಡಲಾಗಿ ತೋರಣ ಕಟ್ಟಲು ಕೌನ್ಸಿಲ್ (ಸ್ಥಳೀಯ ಆಡಳಿತ) ಒಪ್ಪಿಗೆ ಬೇಕು. ಹಿಂದೆ ಪಡೆದವರಿದ್ದರೆ ಅರ್ಜಿಯಲ್ಲಿ ಏನೇನು ಕೇಳುತ್ತಾರೆ, ವಿಮೆ ತೋರಿಸಬೇಕೇ ತಿಳಿಸಿ. ಸಿಗದಿದ್ದರೆ ಅಂಗಡಿಗಳ ಮುಂಭಾಗಕ್ಕಷ್ಟೇ ಕಟ್ಟುತ್ತೇವೆ.

ಬ್ರಿಟನ್ನಿನ ಬಾವುಟ (ಯೂನಿಯನ್ ಜ್ಯಾಕ್) ಏರಿಸುವವರ ಗಮನಕ್ಕೆ: ಕಂಬದ ಪಕ್ಕದ ಅರ್ಧದಲ್ಲಿ ಅಗಲವಾದ ಬಿಳಿ ಓರೆಪಟ್ಟಿ ಕೆಂಪು ಓರೆಪಟ್ಟಿಗಿಂತ ಮೇಲ್ಗಡೆ ಇರಬೇಕು. ತಲೆಕೆಳಗಾದರೆ ನಮ್ಮ ಗಿರಾಕಿಗಳಲ್ಲಿ ಒಬ್ಬರಾದರೂ ಒಳಗೆ ಬಂದು ಹೇಳದೆ ಹೋಗುವುದಿಲ್ಲ.

ಮೇ 1ರ ಸೋಮವಾರ ರಜೆ, ಅಂದು ಬೆಳಿಗ್ಗೆಯೇ ಕೆಲಸ ಶುರು. ಬಂದವರಿಗೆ ಉಪ್ಪಿಟ್ಟು, ಕಾಫಿ ನಮ್ಮ ಕಡೆಯಿಂದ.