ಕಾನೂನು ಒಂದೇ, ತೀರ್ಪು ಎರಡು: ನನ್ನ ಹೊಲಕ್ಕೆ ಯಾವುದು ಅನ್ವಯ?

ಪ್ರಶ್ನೆ (ಆಳಂದ ತಾಲ್ಲೂಕಿನ ಸದಸ್ಯೆ):

ವಕೀಲರಿಗೆ ಶರಣಾರ್ಥಿ. ನಮ್ಮ ತಂದೆ 1999ರಲ್ಲಿ ತೀರಿಕೊಂಡರು, ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಪಿತ್ರಾರ್ಜಿತ ಎರೆಹೊಲ 18 ಎಕರೆ. ಇಬ್ಬರು ಅಣ್ಣಂದಿರು ಮತ್ತು ನಾನು. ನನ್ನ ಮದುವೆ ಆದದ್ದು 1992ರಲ್ಲಿ. ಪಾಲು ಕೇಳಿ 2012ರಲ್ಲಿ ದಾವೆ ಹಾಕಿದೆ. 2016ರಲ್ಲಿ ಸಿವಿಲ್ ನ್ಯಾಯಾಲಯವು ಸುಪ್ರೀಂ ಕೋರ್ಟಿನ 2015ರ ತೀರ್ಪೊಂದನ್ನು ಹೇಳಿ, ಒಂಬತ್ತರಲ್ಲಿ ಒಂದು ಪಾಲು, ಅಂದರೆ 2 ಎಕರೆ ಮಾತ್ರ ನನ್ನದು ಎಂದಿತು. ಮೇಲ್ಮನವಿ ಹೈಕೋರ್ಟಿನ ಕಲಬುರಗಿ ಪೀಠದಲ್ಲಿದೆ. ಈಗ ನಮ್ಮ ವಕೀಲರು 2020ರ ತೀರ್ಪು ತೋರಿಸಿ 6 ಎಕರೆ ಬರುತ್ತದೆ ಎನ್ನುತ್ತಾರೆ. ದೊಡ್ಡಣ್ಣ ಮಾತ್ರ, "ನಿನ್ನ ದಾವೆ ಹಳೆಯದು, ಆಮೇಲೆ ಬಂದ ತೀರ್ಪು ಅದಕ್ಕೆ ತಾಗುವುದಿಲ್ಲ" ಎನ್ನುತ್ತಾನೆ. ಕಾನೂನು ಒಂದೇ, ಕೋರ್ಟೂ ಒಂದೇ ಇರುವಾಗ ತೀರ್ಪು ಎರಡು ಹೇಗೆ? ಯಾರದೋ ಮನೆಯ ಜಗಳದ ತೀರ್ಪು ನನ್ನ ಹೊಲವನ್ನು ಏಕೆ ಅಳೆಯಬೇಕು?

ಉತ್ತರ (ವಕೀಲರು, ಕಲಬುರಗಿ):

ಅಕ್ಕಾ, ಶರಣು. ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದೆಲ್ಲ ಅದರಲ್ಲಿಯೇ ಇದೆ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಯಾಯಿತು. ಮಗಳೂ ಮಗನಂತೆ ಹುಟ್ಟಿನಿಂದಲೇ ಪಿತ್ರಾರ್ಜಿತದ ಹಕ್ಕುದಾರಳು ಎಂದು ಅದು ಹೇಳಿತು. ಆದರೆ ಆ ದಿನಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ ಏನು ಎಂಬುದನ್ನು ಬಿಡಿಸಿ ಬರೆಯಲಿಲ್ಲ. ಶಾಸನದಲ್ಲಿ ಹೀಗೆ ಉಳಿದುಹೋದ ಜಾಗವನ್ನು ನ್ಯಾಯಾಲಯ ಅರ್ಥ ಹೇಳಿ ತುಂಬಬೇಕಾಗುತ್ತದೆ. ಒಮ್ಮೆ ಹೇಳಿದ ಅರ್ಥ ಆಳಂದಕ್ಕೆ ಒಂದು, ಔರಾದಕ್ಕೆ ಇನ್ನೊಂದು ಆಗಬಾರದು. ಅದಕ್ಕಾಗಿಯೇ ಸಂವಿಧಾನದ 141ನೇ ವಿಧಿಯು ಸುಪ್ರೀಂ ಕೋರ್ಟ್ ಘೋಷಿಸಿದ ಕಾನೂನಿಗೆ ದೇಶದ ಎಲ್ಲ ನ್ಯಾಯಾಲಯಗಳೂ ಬದ್ಧ ಎನ್ನುತ್ತದೆ. ಹಿರಿಯ ವಕೀಲರು ನಜೀರು ಎನ್ನುವುದು, ಪುಸ್ತಕಗಳು ಪೂರ್ವನಿದರ್ಶನ ಎನ್ನುವುದು ಇದನ್ನೇ.

ನಿಮ್ಮ ಪ್ರಶ್ನೆಯನ್ನೇ ಹೊತ್ತು ಮೂರು ಕುಟುಂಬಗಳು ದೆಹಲಿಯ ತನಕ ಹೋಗಿವೆ. ಮೊದಲ ಎರಡು ನಮ್ಮ ಕರ್ನಾಟಕದವೇ. ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ತಂದೆ ತೀರಿಕೊಂಡದ್ದು 1988ರಲ್ಲಿ. 2005ರ ಸೆಪ್ಟೆಂಬರ್ 9ರಂದು ತಂದೆಯೂ ಮಗಳೂ ಬದುಕಿದ್ದರೆ ಮಾತ್ರ ಹೊಸ ಹಕ್ಕು ಎಂದು ಇಬ್ಬರು ನ್ಯಾಯಮೂರ್ತಿಗಳ ಪೀಠ 2015ರಲ್ಲಿ ಹೇಳಿತು. ದಾನಮ್ಮ ಪ್ರಕರಣದಲ್ಲಿ ತಂದೆ ತೀರಿಕೊಂಡದ್ದು 2001ರಲ್ಲಿ. ಅಲ್ಲಿ ಇನ್ನಿಬ್ಬರು ನ್ಯಾಯಮೂರ್ತಿಗಳ ಪೀಠ 2018ರಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಎರಡೂ ಸಮಬಲದ ಪೀಠಗಳಾದ್ದರಿಂದ ಒಂದು ಇನ್ನೊಂದನ್ನು ಅಳಿಸಲಾರದು. ಕೆಳಗಿನ ನ್ಯಾಯಾಲಯಗಳು ದಿಕ್ಕು ತೋಚದೆ ನಿಂತವು. ಕೊನೆಗೆ ಪ್ರಶ್ನೆ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಆ ಪೀಠ ತೀರ್ಪು ಕೊಟ್ಟಿತು. ಹಕ್ಕು ಬರುವುದು ಹುಟ್ಟಿನಿಂದ, ಆದ್ದರಿಂದ 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು ಹೇಳಿ, ಫೂಲವತಿ ತೀರ್ಪನ್ನು ಸ್ಪಷ್ಟವಾಗಿ ತಳ್ಳಿಹಾಕಿತು.

2020ರದ್ದು ಗೆಲ್ಲುವುದು ಅದು ಹೊಸದು ಎಂಬ ಕಾರಣಕ್ಕಲ್ಲ, ಪೀಠ ದೊಡ್ಡದು ಎಂಬ ಕಾರಣಕ್ಕೆ. ನಾಳೆ ಇಬ್ಬರೇ ನ್ಯಾಯಮೂರ್ತಿಗಳ ಪೀಠವೊಂದು ಬೇರೆ ಮಾತು ಹೇಳಿದರೂ ಮೂವರ ಮಾತೇ ನಿಲ್ಲುತ್ತದೆ.

2016ರಲ್ಲಿ ನಿಮಗೆ 2 ಎಕರೆ ಎಂದ ನ್ಯಾಯಾಧೀಶರ ಮೇಲೆ ಸಿಟ್ಟು ಬೇಡ. ಫೂಲವತಿ ತೀರ್ಪು ಅಂದು ಅವರನ್ನು ಕಟ್ಟಿಹಾಕಿತ್ತು. ಅದರಂತೆ 18 ಎಕರೆಯನ್ನು ತಂದೆ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಮೂರು ಮಾಡಿ, ತಂದೆಯ 6 ಎಕರೆಯನ್ನು ಮತ್ತೆ ನೀವು ಮೂವರಿಗೆ ಹಂಚಿದರು. ಈಗ ನೀವೂ ಹುಟ್ಟಿನ ಹಕ್ಕುದಾರರಾದ್ದರಿಂದ ಮೂವರಿಗೂ ಸಮಪಾಲು, ತಲಾ 6 ಎಕರೆ. 1992ರ ಮದುವೆಯೂ ಅಡ್ಡಿಯಲ್ಲ. ಕರ್ನಾಟಕದ 1994ರ ತಿದ್ದುಪಡಿ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ಕಾನೂನಿನಲ್ಲಿ ಆ ಭೇದವಿಲ್ಲ.

ದೊಡ್ಡಣ್ಣನವರ ಮಾತಿಗೆ ಬರುತ್ತೇನೆ. ನ್ಯಾಯಾಲಯ ಅರ್ಥ ಹೇಳಿದಾಗ ಹೊಸ ಕಾನೂನು ಹುಟ್ಟುವುದಿಲ್ಲ, ಆ ಕಾನೂನಿಗೆ ಮೊದಲಿನಿಂದಲೂ ಇದ್ದ ಅರ್ಥವೇ ಗೊತ್ತಾಗುತ್ತದೆ. ಇದು ಮುಂದಿನ ಪ್ರಕರಣಗಳಿಗೆ ಮಾತ್ರ ಎಂದು ಸುಪ್ರೀಂ ಕೋರ್ಟೇ ಹೇಳದ ಹೊರತು, ಇನ್ನೂ ಮುಗಿಯದ ಎಲ್ಲ ದಾವೆಗಳಿಗೂ ಅದು ತಾಗುತ್ತದೆ. ಮೇಲ್ಮನವಿ ಬಾಕಿ ಇದೆ ಎಂದರೆ ನಿಮ್ಮ ದಾವೆ ಜೀವಂತವಾಗಿದೆ ಎಂದೇ ಅರ್ಥ.

ಪ್ರಶ್ನೆ (ಬೀದರ್‌ನ ಸದಸ್ಯ):

ಸರ್, ನನ್ನ ತಂಗಿಯ ದಾವೆಯೂ 2015ರ ತೀರ್ಪಿನಿಂದಲೇ ಸೋತಿತು. 2017ರಲ್ಲಿ ಮುಗಿಯಿತು, ಮೇಲ್ಮನವಿ ಹೋಗಲಿಲ್ಲ. ಈಗ ನನಗೇ ಅವಳಿಗೆ ಅನ್ಯಾಯವಾಯಿತು ಎನಿಸುತ್ತಿದೆ. ಮತ್ತೆ ತೆರೆಯಬಹುದೇ? ಗಡಿಯಾಚೆ ತೆಲಂಗಾಣ ಹೈಕೋರ್ಟಿನ ತೀರ್ಪು ಸಿಕ್ಕರೆ ನಡೆಯುತ್ತದೆಯೇ?

ಉತ್ತರ:

ತಮ್ಮಾ, ಅಂತಿಮ ಡಿಕ್ರಿ ಆಗಿ ಮೇಲ್ಮನವಿಯ ಅವಧಿಯೂ ದಾಟಿದ್ದರೆ ಅದನ್ನು ತೆರೆಯಲಾಗದು. ಇದನ್ನು ಬರೆಯಲು ನನಗೆ ನೋವಾಗುತ್ತದೆ. ತೀರ್ಪಿಗೆ ಆಧಾರವಾದ ಕಾನೂನಿನ ಮಾತನ್ನು ಮೇಲಿನ ನ್ಯಾಯಾಲಯ ಆಮೇಲೆ ಬದಲಿಸಿತು ಎಂಬುದು ಮರುಪರಿಶೀಲನೆಗೆ ಕಾರಣವಾಗದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 47ನೇ ಆದೇಶದ ವಿವರಣೆಯೇ ಹೇಳುತ್ತದೆ. ಆದರೆ ಒಂದನ್ನು ನೋಡಿ: ಆದದ್ದು ಪ್ರಾಥಮಿಕ ಡಿಕ್ರಿಯೋ (ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುವುದು), ಅಂತಿಮ ಡಿಕ್ರಿಯೋ (ಆ ಪಾಲನ್ನು ಅಳೆದು ಹಂಚಿಕೊಡುವುದು)? ಪಾಲಿನ ದಾವೆಯಲ್ಲಿ ಅಂತಿಮ ಡಿಕ್ರಿ ಆಗುವವರೆಗೆ ಪಾಲಿನ ಪ್ರಮಾಣವನ್ನು ತಿದ್ದಬಹುದು ಎಂದು ಸುಪ್ರೀಂ ಕೋರ್ಟ್ ಗಂಡೂರಿ ಕೋಟೇಶ್ವರಮ್ಮ ಪ್ರಕರಣದಲ್ಲಿ 2011ರಲ್ಲೇ ಹೇಳಿದೆ. ಅದೂ ಮುಗಿದಿದ್ದರೆ ಕೋರ್ಟ್ ಕೊಡದ ಪಾಲನ್ನು ಅಣ್ಣನಾಗಿ ನೀವೇ ನೋಂದಾಯಿತ ಪತ್ರದ ಮೂಲಕ ಕೊಡಬಹುದು. ನಿಮ್ಮ ಮಾತು ಓದಿ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಬೇರೆ ರಾಜ್ಯದ ಹೈಕೋರ್ಟಿನ ತೀರ್ಪನ್ನು ಇಲ್ಲಿ ಓದಿ ಹೇಳಬಹುದು. ನ್ಯಾಯಾಧೀಶರಿಗೆ ಅದು ಒಪ್ಪಿಗೆಯಾಗಬಹುದು, ಕಟ್ಟುಪಾಡಾಗದು.

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ಯಾದಗಿರಿ):

ಸರ್, ನೂರು ಪುಟದ ತೀರ್ಪಿನಲ್ಲಿ ಬದ್ಧವಾಗುವ ಮಾತು ಯಾವುದು ಎಂದು ಹೇಗೆ ಹುಡುಕುವುದು?

ಉತ್ತರ:

ಒಂದು ವಾಕ್ಯವನ್ನು ತೆಗೆದು ನೋಡಮ್ಮ. ಅದಿಲ್ಲದೆ ಆ ತೀರ್ಪು ನಿಲ್ಲುವುದಿಲ್ಲ ಎಂದಾದರೆ ಅದು ರೇಶಿಯೋ, ಅದೇ ಬದ್ಧ. ತೆಗೆದರೂ ಫಲಿತಾಂಶ ಹಾಗೆಯೇ ಉಳಿದರೆ ಅದು ಆಬಿಟರ್, ಪ್ರಸಂಗವಶಾತ್ ಬಂದ ಮಾತು. ತಲೆಬರಹದ ಸಾರಾಂಶವನ್ನು ನಂಬಿ ವಾದಿಸಬೇಡ. ಮೊದಲು ವಾಸ್ತವಾಂಶಗಳ ಪುಟ ಓದು. ಆ ಮನೆಯ ಕಥೆಗೂ ನಿನ್ನ ಕಕ್ಷಿದಾರರ ಮನೆಯ ಕಥೆಗೂ ಮುಖ್ಯವಾದ ಒಂದು ಎಳೆ ಬೇರೆಯಿದ್ದರೆ ಎದುರಿನ ವಕೀಲರು ಅದನ್ನೇ ಹಿಡಿದು ಎಳೆಯುತ್ತಾರೆ.

ಆಳಂದದ ಅಕ್ಕನ ವಿಷಯದಲ್ಲಿಯೂ ಅಂಥ ಒಂದು ಎಳೆ ಇರಬಹುದೆಂಬ ಚಿಂತೆ ನನಗಿದೆ. ಅಕ್ಕಾ, ಅಣ್ಣಂದಿರು ತಮ್ಮಲ್ಲಿ ವಾಟ್ನಿ, ಅಂದರೆ ಆಸ್ತಿ ಪಾಲು, ಮಾಡಿಕೊಂಡಿದ್ದಾರೆಯೇ?

ಆಳಂದದ ಸದಸ್ಯೆ:

ಹೌದು. 2000ದಲ್ಲಿಯೇ ಊರ ಹಿರಿಯರ ಮುಂದೆ ಬಾಯಿಮಾತಿನ ವಾಟ್ನಿ ಆಗಿದೆ ಎಂದು ಅಣ್ಣಂದಿರು ಕೋರ್ಟಿನಲ್ಲಿ ಹೇಳಿದ್ದಾರೆ. ಕಾಗದ ಏನೂ ತೋರಿಸಿಲ್ಲ. ಪಹಣಿಯಲ್ಲಿ ಇಬ್ಬರ ಹೆಸರೂ ಬೇರೆ ಬೇರೆಯಾಗಿ ಇದೆ.

ಉತ್ತರ:

ಇದು ಮುಖ್ಯ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ಪಾಲನ್ನು ಕಾನೂನು ಮುಟ್ಟುವುದಿಲ್ಲ. ಬಾಯಿಮಾತಿನ ವಾಟ್ನಿಯನ್ನು ಸುಲಭವಾಗಿ ಒಪ್ಪಬೇಡಿ, ಸಾರ್ವಜನಿಕ ದಾಖಲೆಗಳ ಗಟ್ಟಿ ಬೆಂಬಲವಿದ್ದ ಅಪರೂಪದ ಸಂದರ್ಭದಲ್ಲಿ ಮಾತ್ರ ಒಪ್ಪಿ ಎಂದು ವಿನೀತಾ ಶರ್ಮಾ ತೀರ್ಪು ಹೇಳಿದೆ. ಹೆಣ್ಣುಮಕ್ಕಳನ್ನು ತಪ್ಪಿಸಲು ಸುಳ್ಳು ವಾಟ್ನಿ ಹುಟ್ಟಿಸುವುದನ್ನು ತಡೆಯಲೆಂದೇ ಈ ಬಿಗಿ. ಆದ್ದರಿಂದ ಪಹಣಿಯಲ್ಲಿ ಹೆಸರು ಬೇರೆಯಾದದ್ದು ಯಾವ ವರ್ಷ, ಆ ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ಯಾವ ಆಧಾರದ ಮೇಲೆ ಆಯಿತು, ಇವೆರಡನ್ನು ತಹಶೀಲ್ ಕಚೇರಿಯಲ್ಲಿ ನೋಡಿಸಿ.

ಆಳಂದದ ಸದಸ್ಯೆ (ನಾಲ್ಕು ದಿನಗಳ ನಂತರ):

ವಕೀಲರೇ, ಮ್ಯುಟೇಶನ್ ಪ್ರತಿ ಸಿಕ್ಕಿತು. 2006ರಲ್ಲಿ ಆಗಿದೆ. ಅಣ್ಣಂದಿರು ಕೊಟ್ಟ ಅರ್ಜಿಯಲ್ಲಿ 2000ದ ವಾಟ್ನಿಯ ಮಾತೇ ಇಲ್ಲ.

ಉತ್ತರ:

ಹಾಗಾದರೆ ಆ ಅರ್ಜಿ ಮತ್ತು ಮ್ಯುಟೇಶನ್ ಎರಡರದ್ದೂ ದೃಢೀಕೃತ ಪ್ರತಿ ಪಡೆದು ನಿಮ್ಮ ವಕೀಲರಿಗೆ ಕೊಡಿ. ಕೆಳಗಿನ ನ್ಯಾಯಾಲಯದಲ್ಲಿ ಇವು ದಾಖಲಾಗಿರದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 27ನೇ ನಿಯಮದಡಿ ಹೆಚ್ಚುವರಿ ಸಾಕ್ಷ್ಯಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಮೊದಲೇ ಏಕೆ ತರಲಿಲ್ಲ ಎಂದು ಪೀಠ ಕೇಳುತ್ತದೆ, ಅದಕ್ಕೆ ನೇರವಾದ ಉತ್ತರವನ್ನು ಪ್ರಮಾಣಪತ್ರದಲ್ಲಿಯೇ ಬರೆಯಲು ಹೇಳಿ. ಮುಂದಿನ ದಿನಾಂಕ ಯಾವಾಗ ಇದೆ, ಅಕ್ಕಾ?